64 ಜನರ ಕೌಂಟಿ ಹೇಗೆ ಉಳಿದಿದೆ?

'ಅಮೆರಿಕದ ಟೆಕ್ಸಾಸ್‌ನ ಲವಿಂಗ್ ಕೌಂಟಿಯಲ್ಲಿ 64 ಜನ ಮಾತ್ರ ಇದ್ದಾರಂತೆ, ಪಕ್ಕದ ಕೌಂಟಿಗೆ ಯಾಕೆ ಸೇರಿಸಿಲ್ಲ?' ಎಂದು ಕೇಳಿದ್ದೀರಿ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯ ಥರ. ಒಂದು ಸಲ ಸೇರಿಸಿದ್ದರು! 1893ರಲ್ಲಿ ಒಂದಷ್ಟು ಮಂದಿ ಮೋಸದಿಂದಲೇ ಇಲ್ಲಿ ಕೌಂಟಿ ಆಡಳಿತ ಶುರು ಮಾಡಿದರು. 1897ರಲ್ಲಿ ರಾಜ್ಯ ಅದನ್ನು ರದ್ದು ಮಾಡಿ ರೀವ್ಸ್ ಕೌಂಟಿಗೆ ಸೇರಿಸಿತು. ಆಮೇಲೆ ನೆಲದಡಿ ಕಚ್ಚಾ ಎಣ್ಣೆ (ಪೆಟ್ರೋಲಿಯಂ) ಸಿಕ್ಕಿತು ನೋಡಿ, 1931ರಲ್ಲಿ ಮತ್ತೆ ಕೌಂಟಿ ಹುಟ್ಟಿತು. ಟೆಕ್ಸಾಸ್‌ನಲ್ಲಿ ಎರಡು ಸಲ ಹುಟ್ಟಿದ ಕೌಂಟಿ ಇದೊಂದೇ.

ಹೆಸರು ಬಂದದ್ದು ಪ್ರೀತಿಯಿಂದಲ್ಲ, ದನ ಹೊಡೆದುಕೊಂಡು ಹೋಗುತ್ತಿದ್ದ ಆಲಿವರ್ ಲವಿಂಗ್ ಎಂಬಾತನಿಂದ. ಪೆಕೋಸ್ ನದಿ ಬಳಿ ಕೊಮಾಂಚಿ ಎಂಬ ಅಮೆರಿಕದ ಮೂಲನಿವಾಸಿಗಳ ದಾಳಿಯಲ್ಲಿ ಗಾಯಗೊಂಡು 1867ರಲ್ಲಿ ತೀರಿಕೊಂಡ.

1940ರಲ್ಲಿ ಕೌಂಟಿಯಲ್ಲಿ 285 ಜನರಿದ್ದರು. 2010ಕ್ಕೆ 82, 2020ಕ್ಕೆ 64. ಜಾಗ ಮಾತ್ರ ಸುಮಾರು 1,750 ಚದರ ಕಿಲೋಮೀಟರ್! ಮೆಂಟೋನ್ ಒಂದೇ ಊರು. ಅಲ್ಲಿ 1935ರ ಇಟ್ಟಿಗೆಯ ಕೋರ್ಟ್ ಕಟ್ಟಡ, ಸುತ್ತ ಬಯಲು, ರಸ್ತೆಯಲ್ಲಿ ಸಾಲು ಸಾಲು ಎಣ್ಣೆ ಲಾರಿ. ಶಾಲೆ ಇಲ್ಲ. ಮಕ್ಕಳು ಪಕ್ಕದ ಕೌಂಟಿಯ ವಿಂಕ್ ಊರಿಗೆ ಬಸ್ಸಲ್ಲಿ ಹೋಗುತ್ತಾರೆ. ಕುಡಿಯುವ ನೀರನ್ನೂ ತುಂಬಾ ಕಾಲ ಲಾರಿಯಲ್ಲೇ ತರುತ್ತಿದ್ದರು. ಎಣ್ಣೆ ಧಾರಾಳ, ನೀರಿಗೆ ತತ್ವಾರ, ವಿಚಿತ್ರ ಅಲ್ವಾ?

ನಿಮ್ಮ ಪ್ರಶ್ನೆಗೆ ಉತ್ತರ ಇರುವುದೂ ಆ ಎಣ್ಣೆಯಲ್ಲೇ. ಇದು ಪರ್ಮಿಯನ್ ಬೇಸಿನ್ ಎಂಬ ದೊಡ್ಡ ಎಣ್ಣೆ ಪ್ರದೇಶ. ಎಣ್ಣೆ ಬಾವಿ, ಪೈಪ್‌ಲೈನ್‌ಗಳ ಮೇಲಿನ ಆಸ್ತಿ ತೆರಿಗೆಯಿಂದಲೇ ಖಜಾನೆ ತುಂಬುತ್ತದೆ. ಕೈಯಲ್ಲಿ ಇಷ್ಟು ದುಡ್ಡಿದ್ದರೆ ಸುಮ್ನೆ ಯಾರು ಪಕ್ಕದ ಕೌಂಟಿಗೆ ಸೇರಿಕೊಳ್ಳುತ್ತಾರೆ? ಕೆಲಸಕ್ಕೆ ಬರುವವರು ಸ್ಥಳೀಯರಿಗಿಂತ ಎಷ್ಟೋ ಜಾಸ್ತಿ. ಆದರೆ ಅವರ ಮನೆ ಬೇರೆ ಕಡೆ, ಹಾಗಾಗಿ ಜನಗಣತಿಯಲ್ಲಿ ಇಲ್ಲಿನ ಲೆಕ್ಕಕ್ಕೆ ಸೇರುವುದಿಲ್ಲ.