ವಾರ್ಡಿನಲ್ಲಿ ಸಿಸ್ಟರ್ ಮೇಲೆ ಕೈ ಮಾಡಿದರೆ

ಪ್ರಶ್ನೆ: ಖಾಸಗಿ ಮನೋರೋಗ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ರಾತ್ರಿ ಮಾತ್ರೆ ಕೊಡುವಾಗ ರೋಗಿಯೊಬ್ಬರು ಜಡೆ ಹಿಡಿದೆಳೆದು ಕೈ ಕಚ್ಚಿದರು. ‘ಸೈಕಿಯಾಟ್ರಿ ಅಂದ್ಮೇಲೆ ಇದೆಲ್ಲ ಇದ್ದದ್ದೇ’ ಅಂತಾರೆ ಮೇಲಿನವರು. ಮುಂಚೆಯೇ ಗೊತ್ತಾಗುವ ದಾರಿ ಇಲ್ಲವೇ?
– ಹೆಸರು ಬೇಡ, ಬನಶಂಕರಿ

ಉತ್ತರ: ‘ಇದ್ದದ್ದೇ’ ಅನ್ನುವುದು ಜಾರಿಕೊಳ್ಳುವ ಮಾತು. ಏಟು ಬೀಳುವ ಹೊತ್ತು ಬಹುಮಟ್ಟಿಗೆ ಗೊತ್ತಿರುವಂಥದ್ದೇ: ಮಾತ್ರೆಗೆ ಬಲವಂತ ಮಾಡಿದಾಗ, ಸ್ನಾನಕ್ಕೆ ಎಬ್ಬಿಸಿದಾಗ, ಬೀಡಿ ಇಲ್ಲ ಎಂದಾಗ, ‘ಮನೆಗೆ ಯಾವಾಗ ಕಳಿಸ್ತೀರಿ’ ಎಂದರೆ ಹಾರಿಕೆಯ ಉತ್ತರ ಕೊಟ್ಟಾಗ.

ರೋಗಿ ಕೈ ಮಾಡಬಹುದೇ ಎಂದು ಮುಂಚೆಯೇ ಅಂದಾಜಿಸಲು ನಾರ್ವೆಯಿಂದ ಬಂದ ಬ್ರೋಸೆಟ್ ಪಟ್ಟಿಯನ್ನು ಪ್ರತಿ ಶಿಫ್ಟಿನಲ್ಲೂ ತುಂಬಿ. ಗೊಂದಲ, ಸಿಡುಕು, ಗದ್ದಲ, ಬಾಯಿಮಾತಿನ ಬೆದರಿಕೆ, ಮೈಮೇಲೆ ಏರಿ ಬರುವುದು, ವಸ್ತುಗಳನ್ನು ಒಡೆಯುವುದು ಎಸೆಯುವುದು – ಒಂದೊಂದಕ್ಕೆ ಒಂದು ಅಂಕ. 3 ಅಥವಾ ಹೆಚ್ಚು ಬಂದರೆ ಮುಂದಿನ 24 ಗಂಟೆಯಲ್ಲಿ ಹಲ್ಲೆಯ ಸಂಭವ ಹೆಚ್ಚು. ಡ್ಯೂಟಿ ಡಾಕ್ಟರಿಗೆ ತಿಳಿಸಿ, ಒಬ್ಬರೇ ಹತ್ತಿರ ಹೋಗಬೇಡಿ. ಯಾವಾಗಲೂ ಜೋರಾಗಿ ಮಾತಾಡುವ ರೋಗಿಗೆ ಗದ್ದಲದ ಅಂಕ ಇಲ್ಲ, ಎಂದಿಗಿಂತ ಹೆಚ್ಚಾದರೆ ಮಾತ್ರ. ಇಲ್ಲಿ ತಪ್ಪಿದರೆ ವಾರ್ಡಿನ ಅರ್ಧ ಜನಕ್ಕೆ ಅಂಕ ಬಿದ್ದು, ಪಟ್ಟಿಯನ್ನು ಯಾರೂ ನಂಬುವುದಿಲ್ಲ.

ಜಡೆ ಹಿಡಿದಾಗ ತಲೆ ಹಿಂದಕ್ಕೆ ಎಳೆದುಕೊಳ್ಳಬೇಡಿ. ನಿಮ್ಮ ಎರಡೂ ಅಂಗೈಯನ್ನು ಅವರ ಮುಷ್ಟಿಯ ಮೇಲಿಟ್ಟು ನೆತ್ತಿಗೆ ಬಿಗಿಯಾಗಿ ಒತ್ತಿಹಿಡಿದು ಜೊತೆಯವರನ್ನು ಕರೆಯಿರಿ. ಕೂದಲ ಬುಡಕ್ಕೆ ಎಳೆತ ಬೀಳದು. ಕಚ್ಚಿ ಹಿಡಿದರೂ ಕೈ ಕಿತ್ತುಕೊಳ್ಳಬಾರದು, ಚರ್ಮ ಹರಿಯುತ್ತದೆ. ಬಾಯಿಯ ಕಡೆಗೇ ಒತ್ತಿದರೆ ದವಡೆ ಸಡಿಲವಾಗುತ್ತದೆ. ಆಮೇಲೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ಡಾಕ್ಟರಿಗೆ ತೋರಿಸಿ. ಟೆಟನಸ್, ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ನೋಡಬೇಕು. ರಕ್ತ ತಾಗಿದ್ದರೆ ಎಚ್‌ಐವಿ ತಡೆ ಮಾತ್ರೆ ಬೇಕೇ ಎಂದು ಕೇಳಿ. ಬೇಕಾದರೆ ಆದಷ್ಟು ಬೇಗ, 72 ಗಂಟೆಯೊಳಗೆ ಶುರುವಾಗಬೇಕು.

ಪ್ರಶ್ನೆ: ನೈಟ್ ಡ್ಯೂಟಿಗೆ ನಾವು ಇಬ್ಬರೇ. ಕಟ್ಟಿಹಾಕಿ ಮಲಗಿಸಬಹುದೇ?
– ಓದುಗರು, ಯಶವಂತಪುರ

ಉತ್ತರ: ಜನ ಸಾಲದು ಎಂಬ ಕಾರಣಕ್ಕೆ ಕೂಡದು, 2017ರ ಮಾನಸಿಕ ಆರೋಗ್ಯ ಕಾಯ್ದೆಯ 97ನೇ ಕಲಂ ಅದನ್ನೇ ಹೇಳಿದೆ. ರೋಗಿಗೋ ಬೇರೆಯವರಿಗೋ ಆಗಲೇ ಅಪಾಯವಿದ್ದು, ತಪ್ಪಿಸಲು ಬೇರೆ ದಾರಿ ಇಲ್ಲದಿದ್ದಾಗ ಮಾತ್ರ ಕಟ್ಟಬಹುದು. ಅದಕ್ಕೂ ಹೊಣೆ ಹೊತ್ತ ಮನೋವೈದ್ಯರ ಒಪ್ಪಿಗೆ ಬೇಕು. ಕಾರಣ, ವಿಧಾನ, ಎಷ್ಟು ಹೊತ್ತು – ಎಲ್ಲ ಕೇಸ್ ಶೀಟಿನಲ್ಲಿ ಬರೆಯಬೇಕು, ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ (ರೋಗಿಯ ಪರವಾಗಿ ನಿಲ್ಲಲು ಗೊತ್ತುಮಾಡಿದವರಿಗೆ) 24 ಗಂಟೆಯೊಳಗೆ ತಿಳಿಸಬೇಕು. ಒಂಟಿಯಾಗಿ ಕೂಡಿಹಾಕುವುದಂತೂ ಪೂರ್ತಿ ನಿಷಿದ್ಧ.

ಕಟ್ಟಿದರೆ ಬೋರಲು ಮಲಗಿಸಬೇಡಿ, ಉಸಿರು ಕಟ್ಟುತ್ತದೆ. ಕಟ್ಟಿದ ಬಟ್ಟೆಪಟ್ಟಿಯೊಳಗೆ ಎರಡು ಬೆರಳು ತೂರಬೇಕು. 15 ನಿಮಿಷಕ್ಕೊಮ್ಮೆ ಉಗುರಿನ ಬಣ್ಣ, ಉಸಿರು ನೋಡಿ. ನೀರು, ಶೌಚ ಕೇಳಿ.

ಇಬ್ಬರೇ ಸಾಲದು ಎಂಬುದನ್ನು ಪ್ರತಿ ಘಟನೆಯ ವರದಿಯಲ್ಲೂ ಬರೆಯಿರಿ. ಬಾಯಲ್ಲಿ ಹೇಳಿದ್ದು ಸೂಪರಿಂಟೆಂಡೆಂಟ್ ಟೇಬಲ್‌ವರೆಗೂ ಹೋಗುವುದಿಲ್ಲ.

ಪ್ರಶ್ನೆ: ಪೊಲೀಸ್ ದೂರು ಕೊಡಬಹುದೇ?
– ಓದುಗರು, ಕೆ.ಆರ್. ಪುರಂ

ಉತ್ತರ: ಕೊಡಬಹುದು. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಗೆ ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ. ಅದು ನರ್ಸ್‌ಗಳಿಗೂ ಅನ್ವಯಿಸುತ್ತದೆ, ಅಪರಾಧ ಜಾಮೀನುರಹಿತ. ರೋಗಿಯ ಕಡೆಯವರು ಕೈ ಮಾಡಿದರೆ ಹಿಂಜರಿಯಲೇಬೇಡಿ. ರೋಗಿಯೇ ಹೊಡೆದರೆ, ಕಾಯಿಲೆಯಿಂದಾಗಿ ಆ ಕ್ಷಣ ತಾನು ಮಾಡುತ್ತಿರುವುದು ಏನೆಂದು ತಿಳಿಯದ ಸ್ಥಿತಿಯಲ್ಲಿದ್ದರೆ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ ಪ್ರಕಾರ ಅಪರಾಧವಾಗದು. ಆದರೂ ಗಾಯಕ್ಕೆ ಎಂ.ಎಲ್.ಸಿ. (ಕಾನೂನಿಗೆ ಬೇಕಾಗುವ ವೈದ್ಯಕೀಯ ದಾಖಲೆ) ಮಾಡಿಸಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದರೆ ಅಪಘಾತ ಪುಸ್ತಕದಲ್ಲಿ ಬರೆಸಿ, ಪ್ರತಿ ಇಟ್ಟುಕೊಳ್ಳಿ. ಕೆಲಸಕ್ಕೆ ಬರಲಾಗದ ದಿನಗಳಿಗೆ ಸಂಬಳದ ಸುಮಾರು 90% ಪರಿಹಾರ ಕೇಳುವಾಗ ಮೊದಲು ಹುಡುಕುವುದು ಅದನ್ನೇ.