ಓದುಗರ ಪ್ರಶ್ನೆ, ನಮ್ಮ ಉತ್ತರ: ಮದರಾಸಿನಲ್ಲಿ ಎದ್ದ ಧಾರಾವಿ

ಕಳೆದ ಸಂಚಿಕೆಯ ಈ ಅಂಕಣದಲ್ಲಿ, ಊರು ಬಿಟ್ಟು ಮಹಾನಗರ ಸೇರಿದವರ ಕಥೆ ಹೇಳುವ ಚಿತ್ರಗಳ ಮಾತು ಬಂದಾಗ, ಮಣಿರತ್ನಂ ಅವರ ತಮಿಳು ಚಿತ್ರ ‘ನಾಯಕನ್’ (1987) ಬಗ್ಗೆ ಒಂದೇ ವಾಕ್ಯ ಬರೆದು ಮುಂದೆ ಹೋಗಿದ್ದೆ. ಅಷ್ಟಕ್ಕೇ ಬಿಟ್ಟದ್ದು ಸರಿಯಲ್ಲವೆಂದು ಹಲವರು ಆಕ್ಷೇಪಿಸಿ ಬರೆದಿದ್ದಾರೆ. ಆಕ್ಷೇಪವನ್ನು ಒಪ್ಪಿಕೊಂಡು, ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಚಿತ್ರಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ‘ನಾಯಕನ್’ ಬೊಂಬಾಯಿಯ ವರದರಾಜ ಮುದಲಿಯಾರ್ ಎಂಬಾತನ ಜೀವನಕಥೆಯೇ? ಅದರಲ್ಲಿ ನಿಜವೆಷ್ಟು, ಕಟ್ಟಿದ್ದೆಷ್ಟು?
– ಓದುಗರು, ದಾವಣಗೆರೆ

ಉತ್ತರ: ಎಳೆ ಆತನದು, ನೇಯ್ಗೆ ನಿರ್ದೇಶಕರದು. ತೂತ್ತುಕುಡಿ ಕಡೆಯಿಂದ ಬೊಂಬಾಯಿಗೆ ಹೋಗಿ, ವಿಕ್ಟೋರಿಯಾ ಟರ್ಮಿನಸ್ ನಿಲ್ದಾಣದಲ್ಲಿ ಮೂಟೆ ಹೊತ್ತು, ಕಳ್ಳಭಟ್ಟಿ ಸಾರಾಯಿಯ ದಂಧೆಯಿಂದ ಹಡಗುಕಟ್ಟೆಯ ಕಳ್ಳಸಾಗಣೆಯವರೆಗೆ ಬೆಳೆದು, ಕೊನೆಗೆ ಧಾರಾವಿ ಮತ್ತು ಮಾಟುಂಗಾದ ಬಡ ತಮಿಳರ ನಡುವೆ ನ್ಯಾಯ ಪಂಚಾಯಿತಿ ಮಾಡುವಷ್ಟು ದೊಡ್ಡ ಕುಳವಾದ ಮನುಷ್ಯ ವರದರಾಜ ಮುದಲಿಯಾರ್. ಮಾಟುಂಗಾ ನಿಲ್ದಾಣದ ಬಳಿ ಆತ ಹಾಕಿಸುತ್ತಿದ್ದ ಗಣೇಶೋತ್ಸವದ ಪೆಂಡಾಲು ನಗರಕ್ಕೆಲ್ಲ ಪ್ರಸಿದ್ಧವಾಗಿತ್ತು. ಎಪ್ಪತ್ತರ ದಶಕದಲ್ಲಿ ಬೊಂಬಾಯಿಯಲ್ಲಿ ಮ್ಯಾನೇಜ್‌ಮೆಂಟ್ ಓದುತ್ತಿದ್ದ ಮಣಿರತ್ನಂ, ಅಲ್ಲಿಯ ತಮಿಳರು ಈತನನ್ನು ಹೆಚ್ಚುಕಡಿಮೆ ದೇವರಂತೆ ಕಾಣುತ್ತಿದ್ದುದನ್ನು ಕಂಡಿದ್ದರು. ಒಬ್ಬ ಅಪರಾಧಿಯನ್ನು ಜನ ಯಾಕೆ ಹೀಗೆ ಕೈಮುಗಿಯುತ್ತಾರೆ ಎಂಬ ಬೆರಗು ಅವರಲ್ಲಿ ಹತ್ತು ವರ್ಷ ಉಳಿದು ಚಿತ್ರವಾಯಿತು ಎನ್ನಬಹುದು.

ಉಳಿದದ್ದು ಬಹುಪಾಲು ಕಲ್ಪನೆ. ಕಾರ್ಮಿಕ ಮುಖಂಡನಾದ ತಂದೆಯನ್ನು ಕೊಂದ ಪೊಲೀಸ್ ಅಧಿಕಾರಿಯನ್ನು ಇರಿದು ಊರು ಬಿಡುವ ಹುಡುಗ, ಗಣಿತದ ಪರೀಕ್ಷೆಗೆ ಓದಿಕೊಳ್ಳಬೇಕೆಂದು ವೇಶ್ಯಾಗೃಹದಲ್ಲಿ ಕೇಳಿಕೊಳ್ಳುವ ನೀಲಾ, ಪೊಲೀಸ್ ಅಧಿಕಾರಿಯನ್ನು ಮದುವೆಯಾಗುವ ಮಗಳು, ಇವರೆಲ್ಲ ಚಿತ್ರಕ್ಕಾಗಿ ಹುಟ್ಟಿದವರು. ಅಂತ್ಯವಂತೂ ಪೂರಾ ಬೇರೆ. ನಿಜವಾದ ವರದರಾಜ ಮುದಲಿಯಾರ್ ಎಂಬತ್ತರ ದಶಕದಲ್ಲಿ ಪೊಲೀಸರ ಬಿಗಿ ಹೆಚ್ಚಿದಾಗ ಬೊಂಬಾಯಿ ತೊರೆದು ಮದರಾಸಿಗೆ ಬಂದು ನೆಲೆಸಿದ. ಅಲ್ಲಿಯೇ 1988ರ ಜನವರಿಯಲ್ಲಿ ತೀರಿಕೊಂಡ. ಚಿತ್ರ ತೆರೆಗೆ ಬಂದದ್ದು 1987ರ ಅಕ್ಟೋಬರ್ 21ರಂದು, ದೀಪಾವಳಿಗೆ. ಅಂದರೆ ತೆರೆಯ ಮೇಲಿನ ನಾಯಕ ಗುಂಡೇಟು ತಿಂದು ಸಾಯುವುದನ್ನು ಪ್ರೇಕ್ಷಕರು ನೋಡುತ್ತಿದ್ದಾಗ, ಯಾರನ್ನು ನೋಡಿ ಆ ಪಾತ್ರವನ್ನು ಬರೆಯಲಾಯಿತೋ ಆತ ಅದೇ ಮದರಾಸಿನಲ್ಲಿ ಇನ್ನೂ ಬದುಕಿದ್ದ.

ಪ್ರಶ್ನೆ: ಚಿತ್ರದಲ್ಲಿ ಕಾಣುವ ಧಾರಾವಿ ನಿಜವಾದದ್ದಲ್ಲ, ಸೆಟ್ ಎಂದು ಸ್ನೇಹಿತರೊಬ್ಬರು ಹೇಳಿದರು. ನಂಬಲಾಗಲಿಲ್ಲ. ತಯಾರಿಕೆಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುವಿರಾ?
– ಓದುಗರು, ಮಂಗಳೂರು

ಉತ್ತರ: ಸ್ನೇಹಿತರು ಹೇಳಿದ್ದು ನಿಜ. ಕೆಲವು ದಿನಗಳ ಚಿತ್ರೀಕರಣ ಮಾತ್ರ ಬೊಂಬಾಯಿಯ ಧಾರಾವಿಯಲ್ಲಿ ನಡೆಯಿತು. ಮಿಕ್ಕ ಧಾರಾವಿಯನ್ನು ಕಲಾ ನಿರ್ದೇಶಕ ತೋಟ ತರಣಿ ಅವರು ಮದರಾಸಿನ ವೀನಸ್ ಸ್ಟುಡಿಯೋದಲ್ಲಿ ಕಟ್ಟಿದರು. ನಮ್ಮಲ್ಲಿ ಸೆಟ್ ಎಂದರೆ ಅರಮನೆ, ಮೆಟ್ಟಿಲು, ತೂಗುದೀಪ ಎಂಬ ಕಲ್ಪನೆಯಿದ್ದ ಕಾಲವದು. ಕೊಳೆಗೇರಿಯ ಸೆಟ್ ಹಾಕುವುದು ಅದಕ್ಕಿಂತ ಕಷ್ಟ, ಏಕೆಂದರೆ ಅಲ್ಲಿ ಯಾವುದೂ ಹೊಸದಾಗಿ ಕಾಣಕೂಡದು. ತಗಡಿಗೆ ತುಕ್ಕು ಹಿಡಿದಿರಬೇಕು, ಗೋಡೆಗೆ ಹೊಗೆ ಮೆತ್ತಿರಬೇಕು, ಗಲ್ಲಿಯಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿಕೊಂಡು ದಾರಿ ಬಿಡಬೇಕು. ಕಥೆಯೂ ಹಲವು ದಶಕಗಳುದ್ದಕ್ಕೆ ಚಾಚಿರುವುದರಿಂದ, ಅದೇ ಜಾಗ ಕಾಲದೊಡನೆ ಮುಪ್ಪಾಗುತ್ತಲೂ ಇರಬೇಕು.

ಆ ಸೆಟ್ಟಿನ ಮೇಲೆ ಛಾಯಾಗ್ರಾಹಕ ಪಿ. ಸಿ. ಶ್ರೀರಾಮ್ ಬೆಳಕನ್ನು ಚೆಲ್ಲುವುದಕ್ಕಿಂತ ಹೆಚ್ಚಾಗಿ ತಡೆದು ನಿಲ್ಲಿಸಿದರು. ಮುಖದ ಅರ್ಧ ಕತ್ತಲಲ್ಲಿ ಉಳಿಯುವುದು, ನೆತ್ತಿಯ ಮೇಲಿನಿಂದ ಬೀಳುವ ಬೆಳಕಿನಲ್ಲಿ ಕಣ್ಣುಗಳು ಗುಳಿಯಂತೆ ಕಾಣುವುದು, ಮಳೆಯ ನೀರು ಬೀದಿಯ ದೀಪವನ್ನು ಒಡೆದು ತೋರಿಸುವುದು, ಇವೆಲ್ಲ ಆ ಹೊತ್ತಿನ ದಕ್ಷಿಣದ ಜನಪ್ರಿಯ ಚಿತ್ರಗಳಲ್ಲಿ ಅಪರೂಪ. ನಾಯಕನ ಮುಖ ಚೆನ್ನಾಗಿ ಕಾಣಲೇಬೇಕೆಂಬುದು ಅಲಿಖಿತ ನಿಯಮವಾಗಿದ್ದಾಗ, ದೊಡ್ಡ ತಾರೆಯೊಬ್ಬರು ಕತ್ತಲಲ್ಲಿ ನಿಲ್ಲಲು ಒಪ್ಪಿದ್ದೂ ಸಣ್ಣ ಮಾತಲ್ಲ.

ಆ ತಾರೆಯ ವಯಸ್ಸನ್ನೂ ಇಲ್ಲಿ ನೆನೆಯಬೇಕು. 1954ರ ನವೆಂಬರಿನಲ್ಲಿ ಹುಟ್ಟಿದ ಕಮಲ್ ಹಾಸನ್ ಅವರಿಗೆ ಚಿತ್ರ ಬಿಡುಗಡೆಯಾದಾಗ ಮೂವತ್ಮೂರು ಕೂಡ ತುಂಬಿರಲಿಲ್ಲ. ಅಂಥವರು ಯುವಕನಾಗಿ ಹೊಕ್ಕು ಮೊಮ್ಮಗನನ್ನು ಕಂಡ ಮುದುಕನಾಗಿ ಹೊರಬರುತ್ತಾರೆ. ಹಿಂದೆ ಸರಿದ ಕೂದಲು, ದಪ್ಪಗಾದ ಕೆನ್ನೆ ಇವು ಮೇಕಪ್ಪಿನ ಕೆಲಸ. ಕುರ್ಚಿಯಿಂದ ಏಳುವ ಮುನ್ನ ಒಂದು ಕ್ಷಣ ತಡೆದು ಏಳುವುದು ನಟನ ಕೆಲಸ.

ಚಿತ್ರ ಹುಟ್ಟಿದ ಬಗೆಯೂ ಸ್ವಾರಸ್ಯಕರವಾಗಿದೆ. ನಿರ್ಮಾಪಕ ಮುಕ್ತಾ ಶ್ರೀನಿವಾಸನ್ ಅವರು ಹಳೆಯ ಹಿಂದಿ ಚಿತ್ರವೊಂದರ ಕ್ಯಾಸೆಟ್ ಕೊಟ್ಟು, ಕಮಲ್ ಅವರಿಗಾಗಿ ಅದನ್ನು ತಮಿಳಿನಲ್ಲಿ ಮಾಡಬಹುದೇ ಎಂದು ಕೇಳಿದ್ದರೆಂದೂ, ಅದನ್ನು ಒಲ್ಲದ ಮಣಿರತ್ನಂ ಬೊಂಬಾಯಿಯ ಈ ಕಥೆಯನ್ನು ಮುಂದಿಟ್ಟರೆಂದೂ ನಿರ್ದೇಶಕರೇ ಹೇಳಿಕೊಂಡಿದ್ದಾರೆ. ಖರ್ಚು ಏರುತ್ತ ಹೋಯಿತು. ಕೊನೆಗೆ ಮಣಿರತ್ನಂ ಅವರ ಅಣ್ಣ ಜಿ. ವೆಂಕಟೇಶ್ವರನ್ ಚಿತ್ರವನ್ನು ಕೈಗೆತ್ತಿಕೊಂಡರು. ಇಪ್ಪತ್ತೈದು ವರ್ಷಗಳ ಬಳಿಕ, 2012ರಲ್ಲಿ, ಕಮಲ್ ಅವರು ಪತ್ರಿಕೆಯೊಂದರಲ್ಲಿ ಆ ದಿನಗಳನ್ನು ನೆನೆದು ಬರೆದದ್ದಕ್ಕೆ ಶ್ರೀನಿವಾಸನ್ ಅವರು ಬಹಿರಂಗವಾಗಿಯೇ ಪ್ರತಿಯಾಡಿದರು. ಯಾರ ಮಾತು ಎಷ್ಟು ಸರಿ ಎಂದು ತೀರ್ಪು ಕೊಡುವ ಹಕ್ಕು ನನಗಿಲ್ಲ. ಚಿತ್ರ ಗೆದ್ದ ಮೇಲೂ ಲೆಕ್ಕದ ಪುಸ್ತಕ ಮುಚ್ಚಿರಲಿಲ್ಲ ಎಂಬುದಷ್ಟೇ ಸ್ಪಷ್ಟ.

ಪ್ರಶ್ನೆ: ‘ದಿ ಗಾಡ್‌ಫಾದರ್’ ಚಿತ್ರದ ನಕಲು ಎಂಬ ಮಾತಿಗೆ ಏನೆನ್ನುತ್ತೀರಿ?
– ಓದುಗರು, ಹಾಸನ

ಉತ್ತರ: ಸಾಲ ಇದೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಮಗಳ ಮಾನಭಂಗಕ್ಕೆ ನ್ಯಾಯ ಬೇಡಿ ಬರುವ ತಂದೆ, ಮಗನ ಹೆಣದ ಮುಂದೆ ಕುಸಿಯುವ ಹಿರಿಯ, ಆ ತಗ್ಗಿದ ದನಿ, ಆ ಅರೆಬೆಳಕಿನ ಕೋಣೆ, ಎಲ್ಲವೂ 1972ರ ಆ ಅಮೆರಿಕನ್ ಚಿತ್ರವನ್ನು ನೆನಪಿಸುತ್ತವೆ. ಆದರೆ ಪಡೆದದ್ದನ್ನು ಏನು ಮಾಡಿದರು ಎಂದು ನೋಡಬೇಕು. ಅಲ್ಲಿ ನ್ಯಾಯ ಕೇಳಲು ಬರುವವನು ಶವಸಂಸ್ಕಾರದ ವೃತ್ತಿಯವನು. ಇಲ್ಲಿ ಬರುವವನು ಸ್ವತಃ ಒಬ್ಬ ಪೊಲೀಸ್ ಅಧಿಕಾರಿ. ಕಾನೂನನ್ನು ಮೈಮೇಲೆ ತೊಟ್ಟವನೇ ಕಾನೂನಿನಿಂದ ಆಗದ್ದನ್ನು ಕೇಳಿಕೊಂಡು ಕೊಳೆಗೇರಿಯ ದೊರೆಯ ಮನೆ ಬಾಗಿಲಿಗೆ ಬರುತ್ತಾನೆ. ಆ ಒಂದು ಬದಲಾವಣೆಯಿಂದ ದೃಶ್ಯ ನಮ್ಮ ನೆಲದ್ದಾಗಿಬಿಟ್ಟಿದೆ.

ಇನ್ನೊಂದು ವ್ಯತ್ಯಾಸ ಭಾಷೆಯದು. ಕಮಲ್ ಅವರ ಪಾತ್ರವಾದ ವೇಲು ನಾಯಕರ್ ಬೊಂಬಾಯಿಯನ್ನು ಆಳಿದರೂ ಹಿಂದಿ ಆತನ ಬಾಯಿಗೆ ಒಗ್ಗುವುದಿಲ್ಲ. ಪೊಲೀಸ್ ಅಧಿಕಾರಿ ಗದರುವುದು ಒಂದು ಭಾಷೆಯಲ್ಲಿ, ಪೆಟ್ಟು ತಿನ್ನುವವನು ನರಳುವುದು ಇನ್ನೊಂದರಲ್ಲಿ. ಬಾಲಕುಮಾರನ್ ಬರೆದ ಸಂಭಾಷಣೆಯ ಬಿಗಿ ಇರುವುದು ಇಲ್ಲಿ. ಪರಸ್ಥಳದಲ್ಲಿ ಭಾಷೆ ಬಾರದೆ ನಿಂತವರಿಗೆ ಆ ದೃಶ್ಯಗಳು ಯಾವ ವಿವರಣೆಯೂ ಇಲ್ಲದೆ ತಾಕುತ್ತವೆ. ಒಂದನ್ನು ಮಾತ್ರ ನಾನು ಸಮರ್ಥಿಸಲಾರೆ: ವೃದ್ಧ ನಾಯಕರ್ ಅವರ ಕೆಲವು ಹಾವಭಾವಗಳಲ್ಲಿ ‘ದಿ ಗಾಡ್‌ಫಾದರ್’ನ ನಟ ಮಾರ್ಲನ್ ಬ್ರಾಂಡೋ ಅವರ ನೆರಳು ಬೇಕಾದ್ದಕ್ಕಿಂತ ಗಾಢವಾಗಿದೆ. ಚಿತ್ರ ತಾನೇ ಕಟ್ಟಿಕೊಂಡ ಕಡೆ ನಿಜವೆನಿಸುತ್ತದೆ, ಎರವಲು ತಂದ ಕಡೆ ಸ್ವಲ್ಪ ಸೆಟ್ಟಿನಂತೆ ಕಾಣುತ್ತದೆ.

ಪ್ರಶ್ನೆ: ಅದರಲ್ಲಿ ನಮ್ಮ ಕನ್ನಡದ ನಟರೊಬ್ಬರಿದ್ದಾರಂತೆ?
– ಓದುಗರು, ಉಡುಪಿ

ಉತ್ತರ: ಇದ್ದಾರೆ, ಎಂ. ವಿ. ವಾಸುದೇವರಾವ್. ‘ಚೋಮನ ದುಡಿ’ಯ (1975) ಚೋಮನಾಗಿ ರಾಷ್ಟ್ರಪ್ರಶಸ್ತಿ ಪಡೆದವರು. ಇಲ್ಲಿ ಅವರು ಅನಾಥ ಹುಡುಗನನ್ನು ಸಾಕುವ ಹುಸೇನ್ ಭಾಯಿ. ಪೊಲೀಸರ ವಶದಲ್ಲಿ ಆತ ಸಾಯುವುದೇ ವೇಲುವಿನ ಬದುಕನ್ನು ತಿರುಗಿಸುವ ಘಟನೆ. ಆ ಸಾವು ನೋಡುವವನ ಎದೆಗೆ ನಾಟದಿದ್ದರೆ ಮುಂದಿನ ಚಿತ್ರಕ್ಕೆ ಬುಡವೇ ಇರುವುದಿಲ್ಲ. ಚೋಮನಿಗೆ ಬೇಕಾದ ತುಂಡು ಭೂಮಿ ಸಿಗಲಿಲ್ಲ, ಹುಸೇನ್ ಭಾಯಿಗೆ ನ್ಯಾಯ ಸಿಗಲಿಲ್ಲ. ದಕ್ಕದವರ ಮುಖವನ್ನು ತೋರಿಸಲು ಆ ಹಿರಿಯರಿಗೆ ಮಾತುಗಳ ಹಂಗಿರಲಿಲ್ಲ. ಸಂದರ್ಭ ಬಂದುದರಿಂದ ಹೇಳುತ್ತೇನೆ: ಮಣಿರತ್ನಂ ನಿರ್ದೇಶಕರಾದದ್ದೂ ಕನ್ನಡದಲ್ಲಿಯೇ, 1983ರ ‘ಪಲ್ಲವಿ ಅನುಪಲ್ಲವಿ’ಯಿಂದ.

ಪ್ರಶ್ನೆ: ಬಿಡುಗಡೆಯಾದಾಗ ಚಿತ್ರವನ್ನು ಹೇಗೆ ಸ್ವೀಕರಿಸಿದರು? ಈಗಿನ ಹೆಸರು ಆಗಲೇ ಬಂದಿತ್ತೇ?
– ಓದುಗರು, ಬೆಂಗಳೂರು

ಉತ್ತರ: ಅದೇ ದೀಪಾವಳಿಗೆ ರಜನೀಕಾಂತ್ ಅವರ ‘ಮನಿದನ್’ ಕೂಡ ತೆರೆಗೆ ಬಂದಿತ್ತು. ಹಬ್ಬದ ದಿನ ಪಟಾಕಿಯ ಸದ್ದಿಗೆ ಹೊಂದುವ ಚಿತ್ರ ಬೇಕೆನ್ನುವವರಿಗೆ ಅದು ಸಿಕ್ಕಿತು. ಸಾವು, ಮಳೆ, ಮುಪ್ಪುಗಳ ಈ ನಿಧಾನದ ಚಿತ್ರವೂ ಸೋಲದೆ ಓಡಿತು ಎಂಬುದು ತಮಿಳು ಪ್ರೇಕ್ಷಕರ ಬಗ್ಗೆ ಗೌರವ ಹುಟ್ಟಿಸುವ ಸಂಗತಿ. ಇಳಯರಾಜ ಅವರ ಸಂಗೀತಕ್ಕೂ ಇದರಲ್ಲಿ ಪಾಲಿದೆ. ‘ತೆನ್‌ಪಾಂಡಿ ಚೀಮೆಯಿಲೇ’ ಎಂಬ ಆ ಲಾಲಿಯಂತಹ ಹಾಡು ಮತ್ತೆ ಮತ್ತೆ ಮರಳಿ ಬಂದು, ಮುದುಕನಾದವನ ಒಳಗೆ ಊರು ಬಿಟ್ಟ ಹುಡುಗನೇ ಇದ್ದಾನೆಂದು ನೆನಪಿಸುತ್ತದೆ.

ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಮೂರು ಈ ಚಿತ್ರಕ್ಕೆ ಬಂದವು: ನಟನೆಗೆ ಕಮಲ್, ಛಾಯಾಗ್ರಹಣಕ್ಕೆ ಶ್ರೀರಾಮ್, ಕಲಾ ನಿರ್ದೇಶನಕ್ಕೆ ತೋಟ ತರಣಿ. ಆಸ್ಕರ್‌ಗೆ ಭಾರತದ ಪ್ರವೇಶವಾಗಿ ಹೋಯಿತು, ಅಂತಿಮ ಪಟ್ಟಿ ಮುಟ್ಟಲಿಲ್ಲ. 1988ರಲ್ಲಿ ಫಿರೋಜ್ ಖಾನ್ ಅವರು ವಿನೋದ್ ಖನ್ನಾ ಅವರನ್ನಿಟ್ಟು ‘ದಯಾವಾನ್’ ಎಂಬ ಹೆಸರಿನಲ್ಲಿ ಹಿಂದಿಗೆ ತಂದರು. ಬೊಂಬಾಯಿಯ ಕಥೆ ಬೊಂಬಾಯಿಯ ಭಾಷೆಗೆ ಮರಳಿದಾಗ ಪರಕೀಯನ ಸಂಕಟವೇ ಕರಗಿಹೋಯಿತು ಎಂದು ನನ್ನ ಅನಿಸಿಕೆ. 2005ರಲ್ಲಿ ಅಮೆರಿಕದ ‘ಟೈಮ್’ ಪತ್ರಿಕೆ ಸಾರ್ವಕಾಲಿಕ ನೂರು ಚಿತ್ರಗಳ ಪಟ್ಟಿಯಲ್ಲಿ ಸತ್ಯಜಿತ್ ರಾಯ್ ಅವರ ಅಪು ಚಿತ್ರಗಳು ಮತ್ತು ಗುರುದತ್ ಅವರ ‘ಪ್ಯಾಸಾ’ ಜೊತೆಗೆ ಇದನ್ನೂ ಸೇರಿಸಿದ ಮೇಲೆ, ನೋಡದವರೂ ಹೊಗಳಲು ಆರಂಭಿಸಿದರು.

ಪ್ರಶ್ನೆ: ಮಣಿರತ್ನಂ ಮತ್ತು ಕಮಲ್ ಜೋಡಿಯದೇ ಆದ ‘ಥಗ್ ಲೈಫ್’ ಯಾಕೆ ಸೋತಿತು?
– ಓದುಗರು, ಮೈಸೂರು

ಉತ್ತರ: 2025ರ ಆ ಚಿತ್ರದಲ್ಲಿ ನಾಯಕನ ಹೆಸರು, ವೇಲು ನಾಯಕರ್‌ನ ಪೂರ್ಣ ಹೆಸರಿನಂತೆಯೇ, ಮತ್ತೆ ಶಕ್ತಿವೇಲ್. ಆದರೆ ಹೆಸರಿನೊಡನೆ ಹಸಿವು ಮರಳಿ ಬರಲಿಲ್ಲ. ಕನ್ನಡ ತಮಿಳಿನಿಂದ ಹುಟ್ಟಿತೆಂದು ಕಮಲ್ ಆಡಿದ ಮಾತು, ಕ್ಷಮೆ ಕೇಳಬೇಕೆಂಬ ನಮ್ಮ ಚಲನಚಿತ್ರ ವಾಣಿಜ್ಯ ಮಂಡಳಿಯ ಪಟ್ಟು, ಜೂನ್ 5ರಂದು ಕರ್ನಾಟಕದಲ್ಲಿ ತೆರೆಕಾಣದೆ ಹೋದದ್ದು, ಬಳಿಕ ಸುಪ್ರೀಂ ಕೋರ್ಟ್ ಮಧ್ಯೆ ಬಂದದ್ದು, ಇವೆಲ್ಲ ತಮಗೆ ಗೊತ್ತೇ ಇದೆ. ಆ ಮಾತು ನನಗೂ ಒಪ್ಪಿಗೆಯಾಗಲಿಲ್ಲ. ಆದರೆ ಸೋಲನ್ನು ಅದಕ್ಕೆ ಕಟ್ಟುವುದು ತಪ್ಪು. ಯಾವ ವಿವಾದವೂ ಇಲ್ಲದ ಊರುಗಳಲ್ಲೂ ಅದು ನಿಲ್ಲಲಿಲ್ಲ.

ಪ್ರಶ್ನೆ: ನಾನು ಹುಟ್ಟಿ ಬೆಳೆದದ್ದು ಮಾಟುಂಗಾದಲ್ಲಿ. ನನ್ನ ತಂದೆ ಅಲ್ಲಿ ಸಣ್ಣ ಅಂಗಡಿ ಇಟ್ಟಿದ್ದರು, ತಿಂಗಳು ತಿಂಗಳು ಹಫ್ತಾ ಕೊಡುತ್ತಿದ್ದರು. ಯಾರಿಗೆಂದು ಹೇಳುವುದು ಬೇಡ. ಇಂಥ ಚಿತ್ರಗಳನ್ನು ಹೊಗಳುವಾಗ ತಮಗೆ ಅಳುಕಾಗುವುದಿಲ್ಲವೇ?
– ಓದುಗರು, ಮುಂಬಯಿ

ಉತ್ತರ: ಆಗುತ್ತದೆ. ತಮ್ಮ ಪತ್ರ ಓದಿದ ಮೇಲೆ ಚಿತ್ರವನ್ನು ಇನ್ನೊಮ್ಮೆ ನೋಡಿದೆ, ಒಂದು ಅಂಗಡಿಯನ್ನು ಹುಡುಕುತ್ತ. ನಾಯಕರ್ ಕೈಯಲ್ಲಿ ಪೆಟ್ಟು ತಿನ್ನುವವರು ಜೋಪಡಿ ಕೆಡವಿಸುವ ಸಿರಿವಂತ ಸೇಠ್, ಕ್ರೂರಿ ಇನ್‌ಸ್ಪೆಕ್ಟರ್, ಎದುರಾಳಿ ಗುಂಪಿನವರು. ತಿಂಗಳ ಕೊನೆಗೆ ಗಲ್ಲಾ ಪೆಟ್ಟಿಗೆ ತೆರೆದು ನೋಟು ಎಣಿಸಿಕೊಡುವ ವ್ಯಾಪಾರಿ ಎಲ್ಲೂ ಕಣ್ಣಿಗೆ ಬೀಳಲಿಲ್ಲ. ನಾಲ್ಕು ಜನಕ್ಕೆ ಒಳಿತಾಗುವುದಾದರೆ ಏನು ಮಾಡಿದರೂ ತಪ್ಪಲ್ಲ ಎಂಬ ಮಾತನ್ನು ಚಿತ್ರ ಆಡಿಸುತ್ತದೆ. ಆ ನಾಲ್ವರ ಲೆಕ್ಕದಲ್ಲಿ ತಮ್ಮ ತಂದೆಯವರು ಸೇರುವುದಿಲ್ಲ.

ಹಾಗೆಂದು ಚಿತ್ರ ಕುರುಡಾಗಿಯೂ ಇಲ್ಲ. ಅಣ್ಣ ಸತ್ತ ಮೇಲೆ ಮಗಳು ಚಾರುಮತಿ ತಂದೆಯನ್ನು ನೇರವಾಗಿ ಪ್ರಶ್ನಿಸಿ ಮನೆ ಬಿಟ್ಟು ನಡೆಯುತ್ತಾಳೆ. ಊರೇ ಕೈಮುಗಿಯುವ ಮನುಷ್ಯ ಅವಳಿಗೆ ಕೊಡುವ ಉತ್ತರ ಸಾಲದು ಎಂದು ನೋಡುವವರಿಗೂ ಗೊತ್ತಾಗುತ್ತದೆ, ನಿರ್ದೇಶಕರೂ ಅದನ್ನು ತುಂಬಿಕೊಡಲು ಹೋಗುವುದಿಲ್ಲ. ನೀವು ಒಳ್ಳೆಯವರೋ ಕೆಟ್ಟವರೋ ಎಂದು ಕೊನೆಯಲ್ಲಿ ಮೊಮ್ಮಗ ಕೇಳಿದಾಗ, ತಿಳಿಯದು ಎನ್ನುತ್ತಾರೆ ನಾಯಕರ್. ಆ ಮಾತಿಗೆ ಜನ ಚಪ್ಪಾಳೆ ತಟ್ಟುತ್ತಾರೆ. ನನಗೆ ಅದು ಸ್ವಲ್ಪ ಸುಲಭದ ಉತ್ತರವೆನಿಸುತ್ತದೆ, ಏಕೆಂದರೆ ಅಷ್ಟು ಹೊತ್ತಿಗೆ ಚಿತ್ರ ನಮ್ಮನ್ನು ಮುದುಕನ ಪಕ್ಕದಲ್ಲೇ ಕೂರಿಸಿಯಾಗಿರುತ್ತದೆ.

ನ್ಯಾಯಾಲಯದಲ್ಲಿ ಸಾಕ್ಷ್ಯ ನಿಲ್ಲದೆ ಬಿಡುಗಡೆಯಾಗಿ ಹೊರಬರುವ ನಾಯಕರ್‌ಗೆ ಗುಂಡು ಹೊಡೆಯುವವನು, ಆತ ಬಹಳ ಹಿಂದೆ ಕೊಂದ ಇನ್‌ಸ್ಪೆಕ್ಟರ್ ಕೇಳ್ಕರ್ ಅವರ ಮಗ, ಬುದ್ಧಿ ಪೂರ್ತಿ ಬೆಳೆಯದವನು. ತಂದೆಯನ್ನು ಕೊಂದ ಕೈಯೇ ಆ ಕುಟುಂಬಕ್ಕೆ ವರ್ಷಗಟ್ಟಲೆ ನೆರವು ನೀಡಿ ಸಲಹಿತ್ತು. ಟೀನು ಆನಂದ್ ನಟಿಸಿರುವ ಆ ಪಾತ್ರಕ್ಕೆ ಹೇಳಿಕೊಳ್ಳುವಂಥ ಸಂಭಾಷಣೆ ಇಲ್ಲ. ಹಣ ಕೊಟ್ಟು ತೀರಿಸಿದೆನೆಂದುಕೊಂಡ ಸಾಲವೊಂದು ತೀರದೆ ಉಳಿದಿತ್ತೆಂದು ಚಿತ್ರ ಒಪ್ಪಿಕೊಳ್ಳುವುದು ಆತನ ಮೂಲಕವೇ. ತಮ್ಮ ತಂದೆಯವರ ಅಂಗಡಿಗೆ ಆ ಸೆಟ್ಟಿನಲ್ಲಿ ಜಾಗ ಇರಬೇಕಿತ್ತು ಎಂದು ತಮ್ಮ ಪ್ರಶ್ನೆಯಿಂದ ಹೊಮ್ಮುವ ಮಾತು ಮಾತ್ರ ಹಾಗೆಯೇ ನಿಲ್ಲುತ್ತದೆ. ಅದಕ್ಕೆ ನನ್ನಲ್ಲಿ ಮರುಮಾತಿಲ್ಲ.