ಓದುಗರ ಪ್ರಶ್ನೆ, ನಮ್ಮ ಉತ್ತರ: ಕಮ್ಯುನಿಟಿ ಕಾಲೇಜಿನ್ಯಾಗ ಚಿತ್ರಕಲಾ ಕಲ್ತು ಆಮ್ಯಾಲೆ ಯೂನಿವರ್ಸಿಟಿಗೆ ಹೋಗೂದು

ಪ್ರಶ್ನೆ: ನಮಸ್ಕಾರ ರೀ. ನಾನು ಬಾಗಲಕೋಟಿ ನವನಗರದಾಕಿ, ಈ ಸಲ ಪಿಯುಸಿ ಆರ್ಟ್ಸ್ ಮುಗಿಸೀನಿ, ಸಣ್ಣಾಕಿ ಇದ್ದಾಗಿಂದ ಚಿತ್ರ ತಗಿಯೂ ಹುಚ್ಚು. ಕ್ಯಾಲಿಫೋರ್ನಿಯಾದಾಗ ನಮ್ಮ ಮಾಮಾ ಅದಾನ. ಮೊದಲ ಎರಡ ವರ್ಷ ನಮ್ಮ ಮನಿ ಹತ್ರದ ಕಮ್ಯುನಿಟಿ ಕಾಲೇಜಿನ್ಯಾಗ ಫೈನ್ ಆರ್ಟ್ಸ್ ಮಾಡು, ಆಮ್ಯಾಲೆ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗು, ಅರ್ಧಾ ಖರ್ಚಿನ್ಯಾಗ ಡಿಗ್ರಿ ಬರ್ತೈತಿ ಅಂತಾನ. ಅಪ್ಪಾ "ಅದು ಐಟಿಐ ಇದ್ದಂಗ ಇರಬೇಕು, ಅದಕ್ಯಾಕ ಅಮೆರಿಕಾ?" ಅಂತ ಕುಂತಾರ. ಏನ್ ಮಾಡ್ಲಿ?

ಉತ್ತರ: ಐಟಿಐ ಅಲ್ಲ ಅಂತ ಮೊದಲ ಅಪ್ಪಾರಿಗೆ ಹೇಳವ್ವಾ. ಕೈಕೆಲಸ ಕಲಿಸೂ ಕೋರ್ಸೂ ಅಲ್ಲಿ ಇರ್ತಾವ ಖರೆ, ಆದ್ರ ಇಂಥಾ ಕಾಲೇಜು ಹುಟ್ಟಿದ್ದ ಡಿಗ್ರಿಯ ಮೊದಲ ಎರಡ ವರ್ಷ ಊರಾಗ ಕಲಿಸಾಕಂತ, 1901ರಾಗ ಇಲಿನಾಯ್ ರಾಜ್ಯದ ಜೋಲಿಯೆಟ್ ಅನ್ನೂ ಊರಾಗ ಶುರು ಆತು. ಚಿತ್ರಕಲಾಕ್ಕ ಅಲ್ಲಿ ಮರ್ಯಾದಿ ಕಡಿಮಿ ಅಂತನೂ ತಿಳೀಬ್ಯಾಡ್ರಿ, ಮೆಕ್ಸಿಕೋದ ಡಿಯೇಗೋ ರಿವೇರಾ 1940ರಾಗ ಸ್ಯಾನ್ ಫ್ರಾನ್ಸಿಸ್ಕೋದಾಗ ಬರೆದ 10 ಫಲಕದ ದೊಡ್ಡ ಭಿತ್ತಿಚಿತ್ರ ಇವತ್ತಿಗೂ ಅಲ್ಲಿನ ಸಿಟಿ ಕಾಲೇಜಿನ ಆಸ್ತಿ, ಅದೂ ಕಮ್ಯುನಿಟಿ ಕಾಲೇಜ. ಸೇರಾಕ ಸಾಮಾನ್ಯವಾಗಿ ಪೋರ್ಟ್‌ಫೋಲಿಯೋ, ಅಂದ್ರ ನೀನು ಬರೆದ ಚಿತ್ರದ ಕಟ್ಟು, ಕೇಳೂದಿಲ್ಲ. ಪಿಯುಸಿ ಮಾರ್ಕ್ಸ್ ಕಾರ್ಡು, ಇಂಗ್ಲಿಷ್ ಪರೀಕ್ಷೆ, ಒಂದ ವರ್ಷದ ಖರ್ಚಿಗೆ ರೊಕ್ಕ ಐತಿ ಅನ್ನೂ ಬ್ಯಾಂಕ್ ಕಾಗದ, ಇಷ್ಟ.

ಮಾಮಾನ ಲೆಕ್ಕದಾಗ ಮಾತ್ರ ಒಂದ ತಪ್ಪೈತಿ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನ್ಯಾಗ ಅಲ್ಲೇ ಇರೂ ಮಂದಿಗೆ ಒಂದ ಯೂನಿಟ್ಟಿಗೆ (ಕೋರ್ಸ್ ಎಷ್ಟ ದೊಡ್ಡದು ಅಂತ ಅಳಿಯೂ ಲೆಕ್ಕ) 46 ಡಾಲರ್ ಫೀ, ಮಾಮಾ ಅದನ್ನ ನೋಡಿ ಹೇಳಿರಬೇಕು. ಎಫ್-1 ಅಂದ್ರ ವಿದ್ಯಾರ್ಥಿ ವೀಸಾದ ಮ್ಯಾಲ ಹೋದಾಕಿಗೆ ಆ ರೇಟ್ ಸಿಗೂದಿಲ್ಲ, ಮಾಮಾನ ಮನ್ಯಾಗ ಇದ್ರೂ ಸಿಗೂದಿಲ್ಲ, ನಾನ್-ರೆಸಿಡೆಂಟ್ ಫೀ ಅಂತ ಅದರ ಎಷ್ಟೋ ಪಟ್ಟು ಕಟ್ಟಬೇಕು, ಮ್ಯಾಲ ಹೆಲ್ತ್ ಇನ್ಶೂರೆನ್ಸ್ ಬ್ಯಾರೆ, ಬಣ್ಣಾ ಕ್ಯಾನ್ವಾಸ್ ಬ್ಯಾರೆ. ಅಷ್ಟಾದ್ರೂ ನಾಕೂ ವರ್ಷ ಯೂನಿವರ್ಸಿಟಿಯೊಳಗ ಓದೂದಕ್ಕಿಂತ ಕಡಿಮಿನ ಬೀಳ್ತೈತಿ, ಅದರಾಗ ಊಟಾ ವಸ್ತಿ ಮಾಮಾನ ಮನ್ಯಾಗ ಆದ್ರ ದೊಡ್ಡ ಉಳಿತಾಯ ಅಲ್ಲೇ. ದುಡದು ಫೀ ಕಟ್ತೀನಿ ಅನ್ನೂ ವಿಚಾರ ಬಿಟ್ಟಬಿಡು, ಕ್ಲಾಸ್ ನಡಿಯೂ ದಿನದಾಗ ಕ್ಯಾಂಪಸ್ ಒಳಗ ವಾರಕ್ಕ 20 ತಾಸಿನ ಮ್ಯಾಲ ಕೆಲಸಾ ಮಾಡಾಕ ಪರವಾನಗಿ ಇಲ್ಲ.

ಈಗ ಅಸಲಿ ಮಾತಿಗೆ ಬರೂಣು. ಡಿಗ್ರಿಗೆ ಸುಮಾರು 120 ಯೂನಿಟ್ ಬೇಕು, ಅದರಾಗ 60 ಕಮ್ಯುನಿಟಿ ಕಾಲೇಜಿನ್ಯಾಗ ಮುಗಿಸಿ ಹೋಗೂದು ಅಂತ ಎಲ್ಲಾರೂ ಹೇಳ್ತಾರ. ಇಂಗ್ಲಿಷ್, ಗಣಿತ, ಇತಿಹಾಸ ಇಂಥಾ ವಿಷಯದ ಯೂನಿಟ್ ಆರಾಮ ದಾಟಿ ಹೋಗ್ತಾವ. ಡ್ರಾಯಿಂಗ್ ಪೇಂಟಿಂಗ್‌ದಾಗ ಹಂಗಲ್ಲ, ಯೂನಿಟ್ ಒಪ್ಕೊಂಡ್ರೂ ನಿನ್ನ ಯಾವ ವರ್ಷದ ಸ್ಟುಡಿಯೋ ಕ್ಲಾಸಿಗೆ ಕೂಡಸಬೇಕು ಅನ್ನೂದನ್ನ ಭಾಳ ಕಡೆ ನಿನ್ನ ಪೋರ್ಟ್‌ಫೋಲಿಯೋ ನೋಡಿ ಹೇಳ್ತಾರ, ಅದು ಸಾಲಲಿಲ್ಲಂದ್ರ ಕೈಯಾಗ 60 ಯೂನಿಟ್ ಇದ್ರೂ ಎರಡನೇ ವರ್ಷದ ಕ್ಲಾಸಿನ್ಯಾಗ ಕೂತು ನಾಕ ವರ್ಷದ್ದು ಐದ ವರ್ಷ ಆಗ್ತೈತಿ, ಆ ಹೆಚ್ಚಿನ ವರ್ಷ ಯೂನಿವರ್ಸಿಟಿ ರೇಟಿನ್ಯಾಗ ಬಂದು ಮಾಮಾ ಹೇಳಿದ ಉಳಿತಾಯ ಎಲ್ಲಾ ತಿಂದ ಹಾಕ್ತೈತಿ. ಅದಕ್ಕ ಹಿಂದಿನಿಂದ ಲೆಕ್ಕಾ ಹಾಕು: ಮೊದಲ ಮುಟ್ಟಬೇಕಾದ ಯೂನಿವರ್ಸಿಟಿ ಎರಡ ಮೂರ ಆರಿಸು, ಅವು ಯಾವ ಕೋರ್ಸ್ ಒಪ್ತಾವ ನೋಡು, ಆಮ್ಯಾಲೆ ಕಮ್ಯುನಿಟಿ ಕಾಲೇಜಿನ್ಯಾಗ ಅವನ್ನ ತೊಗೋ. ಕ್ಯಾಲಿಫೋರ್ನಿಯಾಕ್ಕ ಇದನ್ನ ನೋಡಾಕ ಅಸಿಸ್ಟ್ ಅನ್ನೂ ಅಧಿಕೃತ ವೆಬ್‌ಸೈಟ್ ಐತಿ, ಈ ಕಾಲೇಜಿನ ಈ ಕೋರ್ಸ್ ಆ ಯೂನಿವರ್ಸಿಟಿಯ ಯಾವ ಕೋರ್ಸಿಗೆ ಸಮ ಅಂತ ಸಾಲಸಾಲಾಗಿ ತೋರಸ್ತೈತಿ, ಮನ್ಯಾಗ ಕೂತು ಪುಕ್ಕಟೆ ನೋಡಬಹುದು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಕಮ್ಯುನಿಟಿ ಕಾಲೇಜಿನ 70 ಸೆಮಿಸ್ಟರ್ ಯೂನಿಟ್ ತನಕ ಅಷ್ಟ ಎಣಸ್ತೈತಿ, ಅದಕ್ಕ ಕಂಡ ಕಂಡ ಕ್ಲಾಸ್ ಎಲ್ಲಾ ತುಂಬ್ಕೋಬ್ಯಾಡ. ನಡುವ ಎರಡ ವರ್ಷಕ್ಕ ಅಸೋಸಿಯೇಟ್ ಡಿಗ್ರಿ ಹಿಡ್ಕೊಂಡು ವಾಪಸ್ ಬರೂ ವಿಚಾರನೂ ಬ್ಯಾಡ, ಅದು ನಮ್ಮಲ್ಲಿಯ ಪೂರ್ತಿ ಡಿಗ್ರಿ ಅಲ್ಲ.

ಪೋರ್ಟ್‌ಫೋಲಿಯೋ ಈಗಿಂದ ಕೂಡಿಸು. ಸಾಧಾರಣ 10ರಿಂದ 20 ಚಿತ್ರ ಕೇಳ್ತಾರ. ನಮ್ಮ ಹುಡುಗ್ಯಾರು ಕಳಸೂದು ನೋಡೀನಿ, ಮೊಬೈಲಿನ್ಯಾಗಿನ ಫೋಟೋ ನೋಡಿ ಬರೆದ ಬಸವಣ್ಣ, ಸಿನಿಮಾ ನಟ, ಗಿಳಿ ಹಿಡಿದ ಹುಡುಗಿ, ಶೇಡಿಂಗ್ ನುಣ್ಣಗ ಇರ್ತೈತಿ, ಆದ್ರ ಅದನ್ನ ನೋಡೂ ಮಂದಿ ಒಂದ ನಿಮಿಷದಾಗ ಬದಿಗೆ ಇಡ್ತಾರ. ಅವರಿಗೆ ಬೇಕಾಗಿದ್ದು ಎದುರಿಗೆ ಇದ್ದದ್ದನ್ನ ನೋಡಿ ಬರೆದದ್ದು. ರೈಲು ಹತ್ತಿ ಬಾದಾಮಿಗೆ ಹೋಗಿ ಅಗಸ್ತ್ಯ ತೀರ್ಥದ ಮೆಟ್ಟಿಲ ಮ್ಯಾಲ ಅರಬಿ ಒಗ್ಯೂ ಹೆಣ್ಮಕ್ಕಳನ್ನ ಪೆನ್ನಿನ್ಯಾಗ ಲಗೂ ಲಗೂ ಬರಿ, ಬಾಗಿದ ಬೆನ್ನು, ಎತ್ತಿದ ಕೈ, ಒಂದೊಂದಕ್ಕ ಎರಡ ನಿಮಿಷ ಸಾಕು. ಮೂರನೇ ಗುಹಿಯೊಳಗ ಕಂಬದ ಮ್ಯಾಲಿನ ಜೋಡಿ ಮೂರ್ತಿ ನೋಡಿ ಬೆಳಕು ನೆರಳು ಬರಿ, ಅಲ್ಲೇ ಚಾವಣಿ ಅಂಚಿಗೆ ಹಳೇ ಭಿತ್ತಿಚಿತ್ರದ ತುಣುಕು ಉಳದಾವ, ಆ ಗುಹಿ ಶಾಸನದ ಪ್ರಕಾರ ಕ್ರಿ.ಶ. 578ರದ್ದು. ಇಳಕಲ್ಲಿನ್ಯಾಗ ಬಳಗದವರು ಇದ್ರ ಮಗ್ಗದ ಮುಂದ ಅರ್ಧಾ ದಿನ ಕೂಡು.

ಚಿತ್ರದ ಫೋಟೋ ಹೊಡಿಯೂದ್ರಾಗ ಭಾಳ ಮಂದಿ ಕೆಡಸ್ತಾರ. ಮುಂಜಾನೆ ಪಡಸಾಲ್ಯಾಗ, ಬಿಸಲು ನೇರ ಬೀಳದ ಕಡೆ, ಹಾಳೀನ ಗ್ವಾಡಿಗೆ ಹಚ್ಚಿ ಫೋನ್ ಅದಕ್ಕ ನೆಟ್ಟಗ ಹಿಡದು ಹೊಡಿ, ಫ್ಲ್ಯಾಶ್ ಬ್ಯಾಡ, ಫಿಲ್ಟರ್ ಬ್ಯಾಡ, ನಾಕೂ ಮೂಲಿ ಕಾಣಬೇಕು.

ರೊಕ್ಕದ್ದು ಭಾಳ ಬಿಗಿ ಇದ್ರ ಕೆಳಗ ವಿಜಯಪುರದ ತಮ್ಮಗ ಬರದದ್ದನ್ನ ನೀನೂ ಓದವ್ವಾ.

ಪ್ರಶ್ನೆ: ಬೆಳಗಾವಿಯಿಂದ ಬರಿಯಾಕತ್ತೀನ್ರಿ. ಮಗ ಇದ ದಾರಿಯಿಂದ ಹೊಂಟಾನ, ಆದ್ರ ಅವಗ ಗಣಿತ ಇಂಗ್ಲಿಷ್ ಬ್ಯಾಡಂತ, ಬರೇ ಪೇಂಟಿಂಗ್ ತೊಗೋತೀನಿ ಅಂತಾನ. ಆಗ್ತೈತೇನ್ರಿ?

ಉತ್ತರ: ಆಗ್ತೈತಿ, ಆದ್ರ ತ್ರಾಸಿಗೆ ಬೀಳ್ತಾನ ಸಾಹೇಬ್ರ. ವೀಸಾಕ್ಕ ಸೆಮಿಸ್ಟರಿಗೆ 12 ಯೂನಿಟ್ ಬೇಕ ಬೇಕು. ಸ್ಟುಡಿಯೋ ಕ್ಲಾಸ್ ಅಂದ್ರ 3 ಯೂನಿಟ್ಟಿಗೆ ಸುಮಾರು 6 ತಾಸು ಕೂಡೂದಿರ್ತೈತಿ, ನಾಕ ತೊಗೊಂಡ್ರ ವಾರಕ್ಕ 24 ತಾಸು ಕ್ಲಾಸಿನ್ಯಾಗ, ಮ್ಯಾಲ ಮನಿಗೆಲಸ. ಕಮ್ಯುನಿಟಿ ಕಾಲೇಜಿನ ಎರಡ ವರ್ಷದ ಅಸೋಸಿಯೇಟ್ ಡಿಗ್ರಿಯೊಳಗ ಎಎಫ್‌ಎ, ಎಎ ಅಂತ ಇರ್ತಾವ, ಎಎಫ್‌ಎ ಒಳಗ ಸ್ಟುಡಿಯೋ ಹೆಚ್ಚು, ಎಎ ಒಳಗ ಸಾಮಾನ್ಯ ವಿಷಯ ಹೆಚ್ಚು. ಮುಂದ ಬಿಎ ಮಾಡೂ ಯೂನಿವರ್ಸಿಟಿಗೆ ಹೋಗಾಂವ ಇದ್ರ ಎಎಫ್‌ಎ ಮುಗಿಸಿದ ಮ್ಯಾಲೂ ಗಣಿತ ಇಂಗ್ಲಿಷ್ ಅಲ್ಲೇ ಕಾಯ್ಕೋತ ಕುಂತಿರ್ತಾವ, ಅಲ್ಲಿ ಒಂದೊಂದು ಕ್ಲಾಸಿನ ರೇಟೂ ಜಾಸ್ತಿ. ಬಿಎಫ್‌ಎ, ಅಂದ್ರ ಸ್ಟುಡಿಯೋ ಹೆಚ್ಚಿರೂ ಚಿತ್ರಕಲಾ ಡಿಗ್ರಿ, ಹಿಡಿಯಾಂವ ಇದ್ರ ಎಎಫ್‌ಎ ನಡೀತೈತಿ. ಕಲಾ ಇತಿಹಾಸದ ಎರಡ ಕೋರ್ಸ್ ಮಾತ್ರ ಕಮ್ಯುನಿಟಿ ಕಾಲೇಜಿನ್ಯಾಗ ಮುಗಿಸಾಕ ಹೇಳ್ರಿ, ಎರಡೂ ಡಿಗ್ರಿಗೆ ಕೆಲಸಕ್ಕ ಬರ್ತಾವ.

ಪ್ರಶ್ನೆ: ವಿಜಯಪುರದಾಂವ, ಬಿವಿಎ (ಚಿತ್ರಕಲಾ ಡಿಗ್ರಿ) ಎರಡನೇ ವರ್ಷ ಓದಾಕತ್ತೀನಿ. ಇಲ್ಲಿಯ ಎರಡ ವರ್ಷ ಎಣಸಿ ಅಮೆರಿಕಾದ ಮೂರನೇ ವರ್ಷಕ್ಕ ನೇರ ಹೋಗಬಹುದಾ ಸರ್?

ಉತ್ತರ: ಹೋಗಾಕ ಬರ್ತೈತಿ. ಡಬ್ಲ್ಯುಇಎಸ್‌ನಂಥಾ ಸಂಸ್ಥಾಕ್ಕ ಮಾರ್ಕ್ಸ್ ಕಾರ್ಡ್ ಕಳಿಸಿ ಒಂದೊಂದು ವಿಷಯಕ್ಕ ಎಷ್ಟ ಕ್ರೆಡಿಟ್ (ಅಂದ್ರ ಯೂನಿಟ್) ಅಂತ ರಿಪೋರ್ಟ್ ಮಾಡಸಬೇಕು, ಕಡೀಕ ಒಪ್ಪೂದು ಬಿಡೂದು ಆ ಯೂನಿವರ್ಸಿಟಿ ಕೈಯಾಗ, ಪೋರ್ಟ್‌ಫೋಲಿಯೋ ಮತ್ತ ಇದ್ದೇ ಐತಿ. ನನ್ನ ಕೇಳಿದ್ರ ಹೋಗಬ್ಯಾಡ ತಮ್ಮಾ. ಬಿವಿಎ ನಾಕ ವರ್ಷದ್ದು, ಇನ್ನೆರಡ ವರ್ಷ ಇಲ್ಲೇ ಕಡಿಮಿ ಖರ್ಚಿನ್ಯಾಗ ಮುಗಿಸಿದ್ರ ನೇರ ಎಂಎಫ್‌ಎಗೆ, ಅಂದ್ರ ಚಿತ್ರಕಲಾದ ಮಾಸ್ಟರ್ಸ್ ಡಿಗ್ರಿಗೆ ಅರ್ಜಿ ಹಾಕ್ತೀಯ, ಎಷ್ಟೋ ಯೂನಿವರ್ಸಿಟಿಯೊಳಗ ಎಂಎಫ್‌ಎ ಹುಡುಗರಿಗೆ ಟೀಚಿಂಗ್ ಅಸಿಸ್ಟೆಂಟ್‌ಶಿಪ್ (ಪಾಠಾ ಹೇಳೂದ್ರಾಗ ನೆರವಾಗೂ ಕೆಲಸಾ) ಕೊಟ್ಟು ಫೀ ಪೂರಾನೋ ಅರ್ಧಾನೋ ಬಿಡ್ತಾರ. ಡಿಗ್ರಿ ಓದೂ ಪರದೇಶಿ ಹುಡುಗರಿಗೆ ಅಂಥಾ ನೆರವು ಸಿಗೂದು ಅಪರೂಪ. ಎರಡರಾಗ ಯಾವ ದಾರಿ ಹಿಡದ್ರೂ ಸಿಲೆಬಸ್ ಪುಸ್ತಕ ಈಗ ಜೆರಾಕ್ಸ್ ಮಾಡಿಸಿ ಕಾಲೇಜಿನ ಸಿಕ್ಕಾ ಹಾಕಿಸಿ ಇಟ್ಕೋ, ಮುಂದ ಸಿಲೆಬಸ್ ಬದಲಾದ್ರ ಹಳೇದನ್ನ ಹುಡಕ್ಕೋತ ಆಫೀಸಿಗೆ ಅಡ್ಡಾಡೂದಾಗ್ತೈತಿ.